ಲೆಪರ್ಡ್ ರಾಸ್ ಅಪ್‌ಡೇಟ್: ಬಾಲಿ ಟೈಮಿನಿಂದ ಬೆಂಗಳೂರು ಟೈಮಿಗೆ

ನನ್ನ ಉಪ್ಪುನೀರಿನ ಅಕ್ವೇರಿಯಂನಲ್ಲಿರುವ ಲೆಪರ್ಡ್ ರಾಸ್, ಅಂದರೆ ಮರಳಿನೊಳಗೆ ಹೂತುಕೊಂಡು ಮಲಗುವ ಸಮುದ್ರದ ಮೀನು, ಈಗ ಬೆಂಗಳೂರು ಟೈಮಿಗೆ ಏಳುತ್ತದೆ, ಬೆಂಗಳೂರು ಟೈಮಿಗೆ ಮಲಗುತ್ತದೆ. ಮೈಮೇಲೆ ಮಾಂಸ ತುಂಬಿದೆ. ಫ್ರೋಜನ್ ಮೈಸಿಸ್ (ಸೀಗಡಿಯಂಥ ಸಣ್ಣ ಜೀವಿ) ತಿನ್ನುತ್ತದೆ. ಹೋದ ಸಲ ಬರೆದಾಗ ಈ ಮೀನು ಮರಳಿನೊಳಗೆ ಬದುಕಿದೆಯೋ ಇಲ್ಲವೋ ಅನ್ನೋದೇ ನನಗೆ ಗೊತ್ತಿರಲಿಲ್ಲ. ಹಾಗಾಗಿ ಈ ಸಲ ಪೂರ್ತಿ ಇದರದೇ ಕಥೆ.

ಟ್ಯಾಂಕ್ ಅದೇ. ನಾಲ್ಕಡಿ ಉದ್ದ, ಸಂಪ್ (ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ತೊಟ್ಟಿ) ಸೇರಿ ಸುಮಾರು 450 ಲೀಟರ್, 25-26 ಡಿಗ್ರಿ. ಗಟ್ಟಿ ಹವಳ ಒಂದೂ ಇಲ್ಲ. ನಮ್ಮ ದೇಶದಲ್ಲಿ ಅವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಪರಿಶಿಷ್ಟದಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಹವಳದ ಮೆತ್ತನೆಯ ಬಂಧುಗಳಾದ ಮಶ್ರೂಮ್ ಮತ್ತು ಜೋವಾಂತಿಡ್ ಸಾಕು, ಅವು ಚೆನ್ನಾಗಿ ಹಬ್ಬಿವೆ. ಮೀನುಗಳಲ್ಲಿ ಒಂದು ಗಂಡು ಮೆಲನುರಸ್, ಒಂದು ಯೆಲ್ಲೋ ಕೋರಿಸ್, ಒಂದು ಸೋಲಾರ್ ಫೇರಿ (ಈ ಮೂರೂ ರಾಸ್‌ಗಳೇ), ಒಂದು ಜೋಡಿ ಕ್ಲೌನ್. ಸಿಕ್ಸ್‌ಲೈನ್ ರಾಸ್ ತಂದಿಲ್ಲ, ತರೋದೂ ಇಲ್ಲ. ಲೆಪರ್ಡ್ ಇಡಬೇಕು ಅಂದುಕೊಂಡವರು ಸಿಕ್ಸ್‌ಲೈನ್ ಆಸೆ ಬಿಡಬೇಕು. ಹೊಸದಾಗಿ ಬಂದ ನಾಚಿಕೆಯ ಮೀನನ್ನು ಅದು ನೆಮ್ಮದಿಯಾಗಿ ಇರೋಕೆ ಬಿಡುವುದಿಲ್ಲ.

ಕ್ವಾರಂಟೈನ್, ಪ್ರಾಜಿ ಡೋಸ್ (ಹುಳುವಿನ ಔಷಧ), ಡ್ರಿಪ್ (ಹೊಸ ನೀರಿಗೆ ಹನಿಹನಿಯಾಗಿ ಒಗ್ಗಿಸೋದು), ಇವೆಲ್ಲ ನಿಮಗೆ ಗೊತ್ತಿರೋದೇ. ಕ್ವಾರಂಟೈನ್ ಟ್ಯಾಂಕಿನಲ್ಲೂ ಒಂದು ಡಬ್ಬಿ ತುಂಬ ಮರಳು ಇಟ್ಟಿದ್ದೆ, ಅಷ್ಟು ಹೇಳಿದರೆ ಸಾಕು. ಆದರೆ ಮರಳಿನ ಬಗ್ಗೆ ಸ್ವಲ್ಪ ಗೊಣಗಲೇಬೇಕು. ಅರ್ಧದಿಂದ ಒಂದು ಮಿಲಿಮೀಟರ್ ಕಾಳಿನ ಅರಗೊನೈಟ್ ಮರಳು ಬೇಕು ಅಂತ ಅಂಗಡಿಯವರಿಗೆ ಬರೆದು ಕೊಟ್ಟಿದ್ದೆ. ಬನ್ಸಿ ರವೆ ಕೇಳಿದರೆ ಕಡಲೆಬೇಳೆ ಕಟ್ಟಿಕೊಟ್ಟ ಹಾಗೆ, ಮೂರರಿಂದ ಐದು ಮಿಲಿಮೀಟರಿನ ಹವಳದ ಪುಡಿ ಬಂತು. ಚೀಲದ ಮೇಲೆ ಮಾತ್ರ 'ಫೈನ್' ಅಂತ ದೊಡ್ಡದಾಗಿ ಬರೆದಿತ್ತು. ವಾಪಸ್ ತೆಗೆದುಕೊಳ್ಳಲಿಲ್ಲ. "ಎಲ್ಲಾ ಒಂದೇ ಸರ್, ಮೀನಿಗೆ ಗೊತ್ತಾಗಲ್ಲ" ಅಂದರು. ಮೀನಿಗೇ ಗೊತ್ತಾಗೋದು! ಮೂತಿ ಮುಂದೆ ಮಾಡಿ ಒಂದೇ ಏಟಿಗೆ ಮರಳಿನೊಳಗೆ ನುಗ್ಗುವ ಮೀನು ಇದು. ಚೂಪು ಕಾಳಾದರೆ ಬಾಯಿ ತರಚುತ್ತದೆ, ಮೈ ಗೀಚುತ್ತದೆ, ಆಮೇಲೆ ಗಾಯಕ್ಕೆ ಸೋಂಕು. ಬೇರೆ ಕಡೆಯಿಂದ ತರಿಸಿ, ಜರಡಿ ಹಿಡಿದು, ಟ್ಯಾಂಕಿನ ಎಡ ಅರ್ಧಕ್ಕೆ ಆರೇಳು ಸೆಂಟಿಮೀಟರ್ ಹಾಸಿದೆ.

ಮೀನು ಬಂದಾಗ ಚೆನ್ನಾಗಿಯೇ ಇತ್ತು. ಬಾಯಿಯಲ್ಲಿ ಗಾಯ ಇರಲಿಲ್ಲ, ಹೊಟ್ಟೆ ಒಳಗೆ ಸೇದಿರಲಿಲ್ಲ. ಹೆಣ್ಣು. ತಿಳಿ ಮೈಮೇಲೆ ಅಡ್ಡಾದಿಡ್ಡಿ ಕಪ್ಪು ಮಚ್ಚೆಗಳು, ನಡುನಡುವೆ ಕಿತ್ತಳೆ ಬಣ್ಣ. ಡಿಸ್‌ಪ್ಲೇ ಟ್ಯಾಂಕಿಗೆ ಬಿಟ್ಟ ತಕ್ಷಣ ಮರಳಿಗೆ ಇಳಿಯಿತು. ಅದು ಸಹಜ, ಚಿಂತೆ ಮಾಡಲಿಲ್ಲ.

ಚಿಂತೆ ಶುರುವಾಗಿದ್ದು ಆಮೇಲೆ. ಆಫೀಸ್ ಮುಗಿಸಿ ಬಂದಾಗ ಮೀನು ಕಾಣುವುದಿಲ್ಲ. ರಾತ್ರಿ ಎಂಟಕ್ಕೆ ಊಟ ಹಾಕಿದರೆ ಬೇರೆ ಎಲ್ಲರೂ ಮುಗಿಬೀಳುತ್ತಾರೆ, ಇದು ಮಾತ್ರ ಇಲ್ಲ. ಹತ್ತಕ್ಕೆ ಲೈಟ್ ಆರುವ ತನಕ ಕಾದರೂ ಇಲ್ಲ. ಭಾನುವಾರ ಬೆಳಗ್ಗೆ ಒಂದು ಸಲ ಕಲ್ಲಿನ ಹಿಂದೆ ಬಾಲ ಕಂಡಿತು, ಅಷ್ಟೇ. ನಾನು ಪಿಪೆಟ್ ಹಿಡಿದು ಅದು ಇಳಿದ ಜಾಗದ ಮೇಲೆ ಪಾಡ್ (ಮೀನು ತಿನ್ನುವ ಪುಟ್ಟ ಜೀವಿಗಳು) ಬಿಡುತ್ತಿದ್ದೆ. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು, "ಏನೋ ಇದು, ಮರಳಿಗೆ ಊಟ ಹಾಕ್ತಿದ್ದೀಯಾ?" ಅಂತ ಕೇಳಿದರು. ಆ ಹೊತ್ತಿಗೆ ನಡೆಯುತ್ತಿದ್ದದ್ದು ನಿಜವಾಗಿಯೂ ಅದೇ.

ಇಲ್ಲಿ ಎಲ್ಲರಿಗೂ ಒಂದೇ ಯೋಚನೆ ಬರುತ್ತದೆ: ಅಗೆದು ನೋಡೋಣ, ಸತ್ತಿದ್ದರೆ ನೀರು ಕೆಡುತ್ತದಲ್ಲ. ದಯವಿಟ್ಟು ಅಗೆಯಬೇಡಿ. ಈ ಮೀನಿಗೆ ಇರುವ ಒಂದೇ ರಕ್ಷಣೆ ಮರಳು. ಅಲ್ಲಿಂದ ಎಬ್ಬಿಸಿದರೆ ಇನ್ನೂ ಹೆದರಿ ಇನ್ನೂ ಜಾಸ್ತಿ ಹೊತ್ತು ಒಳಗಿರುತ್ತದೆ. ಅಮೋನಿಯಾ ಟೆಸ್ಟ್ ಮಾಡುತ್ತಾ ಇರಿ. ಸೊನ್ನೆ ಬಂದರೆ ಸುಮ್ನೆ ಇರಿ.

ನಾನು ಮಾಡಿದ್ದು ಇಷ್ಟು. ಹಳೆಯ ಫೋನನ್ನು ಚಾರ್ಜರ್‌ಗೆ ಹಾಕಿ, ಟೈಮ್‌ಲ್ಯಾಪ್ಸ್ ಆನ್ ಮಾಡಿ, ಟ್ಯಾಂಕಿನ ಎದುರು ನಿಲ್ಲಿಸಿ ಆಫೀಸಿಗೆ ಹೋದೆ. ಸಂಜೆ ನೋಡಿದರೆ ಆಶ್ಚರ್ಯ. ಕಿಟಕಿಯಿಂದ ಮೊದಲ ಬೆಳಕು ಬಿದ್ದಾಗಲೇ ಲೆಪರ್ಡ್ ಹೊರಗಿದೆ! ಟ್ಯಾಂಕ್ ಲೈಟ್ ಇನ್ನೂ ಹೊತ್ತಿಲ್ಲ, ಕೋರಿಸ್ ಇನ್ನೂ ಮರಳೊಳಗೆ ನಿದ್ದೆಯಲ್ಲಿದೆ. ಇದು ಒಂದೇ ಸಮನೆ ಕಲ್ಲು ಕುಕ್ಕುತ್ತಿದೆ. ಮಧ್ಯಾಹ್ನ ಒಂದಕ್ಕೆ ಟ್ಯಾಂಕ್ ಲೈಟ್ ಹೊತ್ತುತ್ತದೆ. ಮೂರೂವರೆ ಆಗುವಷ್ಟರಲ್ಲಿ, ಟ್ಯಾಂಕಿನಲ್ಲಿ ಅತಿ ಜಾಸ್ತಿ ಬೆಳಕಿರುವಾಗ, ಮೀನು ಮರಳಿಗೆ ಇಳಿದುಬಿಡುತ್ತದೆ. ಮಾರನೆಯ ದಿನವೂ ಹೆಚ್ಚುಕಡಿಮೆ ಅದೇ ಹೊತ್ತು. ರೋಗದ ಮೀನು ಇಷ್ಟು ಕರಾರುವಾಕ್ಕಾಗಿ ಮಲಗುವುದಿಲ್ಲ, ಅಲ್ವಾ?

ಡೀಲರ್‌ಗೆ ಫೋನ್ ಮಾಡಿ ಇದು ಎಲ್ಲಿಯದು ಅಂತ ಕೇಳಿದೆ. "ಇಂಪೋರ್ಟ್ ಪೀಸ್ ಸರ್, ಟಾಪ್ ಕ್ವಾಲಿಟಿ." ಯಾವ ದೇಶ? "ಇಂಪೋರ್ಟ್ ಸರ್." ಈ ಮಾತುಕತೆಯಿಂದ ಆಗುವ ಸಿಟ್ಟು ಈ ಹವ್ಯಾಸದಲ್ಲಿರುವ ಎಲ್ಲರಿಗೂ ಗೊತ್ತು. ನಾವು ಸಾವಿರಾರು ರೂಪಾಯಿ ಕೊಡುತ್ತೇವೆ. ಮೀನು ಹಿಡಿದ ಊರು ಯಾವುದು ಅಂತ ಒಂದು ಚೀಟಿ ಬರೆಯೋಕೆ ಏನು ಕಷ್ಟ? ಕೊನೆಗೆ ಅಂಗಡಿಗೇ ಹೋಗಿ, ಹಿಂದೆ ಬಿದ್ದಿದ್ದ ಥರ್ಮೋಕೋಲ್ ಪೆಟ್ಟಿಗೆಗಳನ್ನು ತಿರುಗಿಸಿ ನೋಡಿದೆ. ಆ ಲಾಟ್ ಬಂದ ಪೆಟ್ಟಿಗೆಯ ಮೇಲೆ ಏರ್‌ವೇ ಲೇಬಲ್ ಇನ್ನೂ ಅಂಟಿಕೊಂಡಿತ್ತು. ಡೆನ್‌ಪಸಾರ್. ಬಾಲಿ.

ಬಾಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಅಲ್ಲಿ ಸೂರ್ಯ ಮುಳುಗುವುದು ಸಂಜೆ ಆರು, ಆರೂವರೆಗೆ. ಅಂದರೆ ನಮ್ಮ ಮೂರೂವರೆ, ನಾಲ್ಕು ಗಂಟೆ. ಫೋನಿನ ವಿಡಿಯೋದಲ್ಲಿ ಕಂಡದ್ದೂ ಅದೇ ಹೊತ್ತು. ಮೀನು ನನ್ನ ಹಾಲ್‌ನಲ್ಲಿದ್ದರೂ ದಿನಚರಿ ಬಾಲಿಯದು.

ಇದು ಬರೀ ನಮ್ಮ ನಂಬಿಕೆಯಲ್ಲ. ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಯೆಲ್ಲೋ ಕೋರಿಸ್, ಅಂದರೆ ಹಾಲಿಕೋರೆಸ್ ಕ್ರೈಸಸ್, ಇದರ ದಿನಚರಿ ಅಳೆದು 2000ದಲ್ಲಿ ಪ್ರಕಟಿಸಿದ್ದಾರೆ. ಹಗಲು ರಾತ್ರಿ ವ್ಯತ್ಯಾಸವೇ ಇಲ್ಲದ ಮಂದ ಬೆಳಕಿನಲ್ಲಿ ಇಟ್ಟರೂ ಅದರ ಏಳುವ, ಮಲಗುವ ಲಯ ತಾನಾಗಿ ಮುಂದುವರಿಯುತ್ತದೆ. ಒಳಗಿನ ಗಡಿಯಾರ ಅಷ್ಟು ಗಟ್ಟಿ. ಅದನ್ನು ತಿದ್ದುವುದು ಬೆಳಕು, ಅದೂ ನಿಧಾನವಾಗಿ. ಕಾಲ ಕಳೆದಂತೆ ಲೆಪರ್ಡ್ ತಾನೇ ಹೊಂದಿಕೊಳ್ಳಬಹುದಿತ್ತು. ಆದರೆ ಹೊಟ್ಟೆ ಅಲ್ಲಿಯ ತನಕ ಕಾಯುವುದಿಲ್ಲ. ರಾಸ್‌ಗಳಿಗೆ ಜಠರವೇ ಇಲ್ಲ, ತಿಂದದ್ದು ನೇರ ಕರುಳಿಗೆ. ಒಂದೇ ಸಲ ತುಂಬಿಸಿಕೊಂಡು ದಿನ ಕಳೆಯುವ ದೇಹ ಅಲ್ಲ. ಇಡೀ ದಿನ ಸ್ವಲ್ಪ ಸ್ವಲ್ಪ ತಿನ್ನುತ್ತಲೇ ಇರಬೇಕು. ಅದು ಮಲಗಿದ ಮೇಲೆ ನಾನು ಊಟ ಹಾಕಿದರೆ ಏನು ಪ್ರಯೋಜನ?

ಒಂದು ನಿಮಿಷ ದಾರಿ ತಪ್ಪುತ್ತೇನೆ. ನನ್ನ ಹತ್ತಿರ ಇರುವ ಮೆಲಿಯಾಗ್ರಿಸ್ ಜಾತಿಯ ಲೆಪರ್ಡ್ ಪೂರ್ವದ ಸಮುದ್ರಗಳದು, ಮಾಲ್ಡೀವ್ಸ್‌ನಲ್ಲಿ ಸಿಗುವುದಿಲ್ಲ. ಅಲ್ಲಿ ಇರುವುದು ಅದರ ದಾಯಾದಿ ಬೈಪಾರ್ಟಿಟಸ್. ಮಾಲ್ಡೀವ್ಸ್ ಗಡಿಯಾರ ನಮಗಿಂತ ಬರೀ ಅರ್ಧ ಗಂಟೆ ಹಿಂದೆ! ಈ ಲೆಕ್ಕ ಹಾಕುತ್ತಾ ಕೂತಾಗ ಫೇರಿ ರಾಸ್‌ಗಳ ಕಡೆ ಗಮನ ಹೋಯಿತು. ಸಿರಿಲಾಬ್ರಸ್ ಫಿನಿಫೆನ್ಮಾ ನೋಡಿದ್ದೀರಾ? 2022ರಲ್ಲಿ ಹೆಸರಿಟ್ಟ ಮೀನು. ಮಾಲ್ಡೀವ್ಸ್‌ನ ರಾಷ್ಟ್ರಪುಷ್ಪ ಗುಲಾಬಿ, ಹೆಸರು ಅದರದೇ. ಬಣ್ಣವೂ ಹಾಗೇ. ಅದನ್ನು ವಿವರಿಸಿದ ತಂಡದಲ್ಲಿ ಅಹ್ಮದ್ ನಜೀಬ್ ಇದ್ದರು. ಮಾಲ್ಡೀವ್ಸ್‌ನವರೇ ಒಬ್ಬರು ತಮ್ಮ ದೇಶದ ಹೊಸ ಮೀನಿಗೆ ಹೆಸರಿಟ್ಟದ್ದು ಅದೇ ಮೊದಲು. ನನಗೆ ಬೇಜಾರಾದ ಸಂಗತಿ ಇನ್ನೊಂದಿದೆ. ವಿಜ್ಞಾನದಲ್ಲಿ ಹೆಸರು ಸಿಗುವ ಮೊದಲೇ ಈ ಮೀನು ಅಕ್ವೇರಿಯಂ ಮಾರುಕಟ್ಟೆಗೆ ಬರುತ್ತಿತ್ತು. ಎಷ್ಟಿವೆ ಅಂತ ಗೊತ್ತಿಲ್ಲದೆ ಹಿಡಿಯೋದು ಸರಿಯಲ್ಲ. ಆಸೆ ಇದ್ದರೂ ಅದನ್ನು ನಾನು ತರುವುದಿಲ್ಲ. ಬೈಪಾರ್ಟಿಟಸ್ ಬಗ್ಗೆ ಮಾತ್ರ ಯೋಚಿಸುತ್ತಿದ್ದೇನೆ.

ಸರಿ, ಲೈಟಿಗೆ ಬರೋಣ. ಮೊದಲು ಹಾಲ್ ಕಿಟಕಿಗೆ ದಪ್ಪ ಪರದೆ ಹಾಕಿದೆ, ಹೊರಗಿನ ಬೆಳಕು ಗೊಂದಲ ಮಾಡಬಾರದು ಅಂತ. ಆಮೇಲೆ ಟ್ಯಾಂಕ್ ಲೈಟನ್ನು ಬೆಳಗಿನ ಜಾವ ಐದರಿಂದ ಸಂಜೆ ನಾಲ್ಕಕ್ಕೆ ಇಟ್ಟೆ. ಮೀನನ್ನು ನಮ್ಮ ಟೈಮಿಗೆ ಎಳೆಯುವ ಮೊದಲು ಅದರ ಟೈಮಿಗೆ ನಾವು ಹೋಗಬೇಕು. ಹೊಟ್ಟೆ ತುಂಬಿದ ಮೀನು ಮಾತ್ರ ಬದಲಾವಣೆ ತಡೆದುಕೊಳ್ಳುತ್ತದೆ. ಆಫೀಸಿಗೆ ಹೊರಡುವ ಮೊದಲು ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿ) ಮರಿ ಹಾಕುತ್ತಿದ್ದೆ. ಹನ್ನೊಂದಕ್ಕೂ ಎರಡಕ್ಕೂ ಅಮ್ಮ ಹಾಕುತ್ತಿದ್ದರು. "ಇವತ್ತು ಬಂದು ತಿಂದಳು" ಅಂತ ಅವರ ಮೆಸೇಜ್ ಬಂದಾಗ ಮೀಟಿಂಗ್‌ನಲ್ಲಿ ಕೂತಿದ್ದವನಿಗೆ ಎದ್ದು ಕುಣಿಯುವಷ್ಟು ಸಂತೋಷ. ಅಮ್ಮನಿಗೆ ಹಾಲ್ ಕತ್ತಲಾಗಿರುವುದು ಮಾತ್ರ ಇಷ್ಟವಾಗಲಿಲ್ಲ.

ಹೊಟ್ಟೆ ದುಂಡಗಾದ ಮೇಲೆ ಎರಡು ದಿನಕ್ಕೊಮ್ಮೆ ಹದಿನೈದು ನಿಮಿಷ ಮುಂದೂಡುತ್ತಾ ಹೋದೆ. ಹೊತ್ತುವುದೂ ಆರುವುದೂ ಎರಡೂ ಒಟ್ಟಿಗೆ, ಹಗಲಿನ ಉದ್ದ ಹನ್ನೊಂದು ಗಂಟೆಯೇ. ಇದರಲ್ಲಿ ಪಾಪ ಹಳೆಯ ಕೋರಿಸ್‌ಗೆ ತೊಂದರೆಯಾಯಿತು. ಅದು ಮಧ್ಯಾಹ್ನ ಒಂದರಿಂದ ರಾತ್ರಿ ಹತ್ತರ ದಿನಚರಿಗೆ ಒಗ್ಗಿಕೊಂಡಿತ್ತು. ಲೈಟ್ ಐದಕ್ಕೆ ಹೊತ್ತಿದರೂ ಕೆಲವು ದಿನ ಮಧ್ಯಾಹ್ನದ ಹತ್ತಿರ ಬರುವ ತನಕ ಮರಳಿನಿಂದ ಏಳಲೇ ಇಲ್ಲ. ಅದನ್ನು ನೋಡಿದ ಮೇಲೆ ನನಗೆ ಪೂರ್ತಿ ಖಾತ್ರಿಯಾಯಿತು. ಎರಡೂ ಒಂದೇ ಮರಳಿನಲ್ಲಿ, ಒಂದೇ ಬೆಳಕಿನಲ್ಲಿ ಇದ್ದವು. ಆದರೆ ಬೇರೆ ಬೇರೆ ಹೊತ್ತಿಗೆ ಏಳುತ್ತಿದ್ದವು. ಸೋಲಾರ್ ಫೇರಿಗೆ ಮಾತ್ರ ಏನೂ ಅನ್ನಿಸಿದ ಹಾಗೆ ಕಾಣಲಿಲ್ಲ. ಅದು ಮರಳಿಗೆ ಇಳಿಯುವ ಜಾತಿಯಲ್ಲ. ಕಲ್ಲಿನ ಸಂದಿಯಲ್ಲಿ ಲೋಳೆಯ ಗೂಡು ಕಟ್ಟಿಕೊಂಡು ಮಲಗುತ್ತದೆ, ಬೆಳಗ್ಗೆ ಆ ಲೋಳೆ ಪಂಪಿನ ಜಾಲರಿಗೆ ಅಂಟಿರುತ್ತದೆ.

ಈಗ ಲೈಟ್ ಬೆಳಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟೂವರೆ. ನಾನು ಏಳಕ್ಕೆ ಮನೆಗೆ ಬರುತ್ತೇನೆ. ಒಂದೂವರೆ ಗಂಟೆ ಪೂರ್ತಿ ನೋಡಬಹುದು. ನೋಡೋಕೆ ಎಷ್ಟು ಇದೆ ಅಂತೀರಿ! ಲೆಪರ್ಡ್ ಕಲ್ಲಿನ ಹತ್ತಿರ ಬಂದು ತಟಸ್ಥವಾಗಿ ನಿಲ್ಲುತ್ತದೆ. ಎರಡು ಕಣ್ಣೂ ಬೇರೆ ಬೇರೆ ತಿರುಗುತ್ತವೆ. ಆಮೇಲೆ ಟಕ್ ಅಂತ ಒಂದೇ ಕುಕ್ಕು. ಅಲ್ಲಿ ಏನಿತ್ತು ಅಂತ ನನಗೆ ಭೂತಗನ್ನಡಿ ಹಿಡಿದರೂ ಕಾಣುವುದಿಲ್ಲ. ಲೈಟ್ ಮಂಕಾಗುವ ಹೊತ್ತಿಗೆ ಮರಳಿನ ಮೇಲೆ ಎರಡು ಸುತ್ತು ಹಾಕುತ್ತದೆ. ದಿನವೂ ಹೆಚ್ಚುಕಡಿಮೆ ಅದೇ ಮೂಲೆಯನ್ನೇ ಆರಿಸುತ್ತದೆ. ಆರ್ಟೀಮಿಯಾದಿಂದ ಸೈಕ್ಲಾಪ್ಸ್, ಅಲ್ಲಿಂದ ಸಣ್ಣಗೆ ಹೆಚ್ಚಿದ ಮೈಸಿಸ್, ಹೀಗೆ ಊಟವೂ ಸುಲಭವಾಗಿದೆ.

ಮುಂದಿನ ಕೆಲಸ: ಇದೇ ಜಾತಿಯ ಇನ್ನೆರಡು ಸಣ್ಣ ಹೆಣ್ಣುಗಳು. ರಾಸ್‌ಗಳಲ್ಲಿ ಗುಂಪಿನ ದೊಡ್ಡ ಹೆಣ್ಣು ಗಂಡಾಗುವುದು ನಿಮಗೆ ಗೊತ್ತು. ಕ್ಲೀನರ್ ರಾಸ್‌ನಲ್ಲಿ ಗಂಡನ್ನು ತೆಗೆದರೆ ಹೆಣ್ಣು ಆ ಜಾಗಕ್ಕೆ ಬರುತ್ತದೆ ಅಂತ ವಿಜ್ಞಾನಿ ರಾಬರ್ಟ್‌ಸನ್ 1972ರಲ್ಲೇ ತೋರಿಸಿದ್ದಾರೆ. ಲೆಪರ್ಡ್‌ನಲ್ಲಿ ಬಣ್ಣ ಪೂರ್ತಿ ಬದಲಾಗುತ್ತದೆ. ಗಂಡು ಕೆಂಪು ಕಿತ್ತಳೆ, ಮೈ ತುಂಬ ಕಪ್ಪು ಅಂಚಿನ ಹಸಿರು ಚುಕ್ಕೆ. ಈ ಬದಲಾವಣೆಯನ್ನು ವಾರಕ್ಕೊಮ್ಮೆ, ಒಂದೇ ಬೆಳಕಿನಲ್ಲಿ, ಒಂದೇ ಬದಿಯಿಂದ ಫೋಟೋ ತೆಗೆದು ದಾಖಲು ಮಾಡಬೇಕು ಅಂತಿದ್ದೇನೆ. ಅದಕ್ಕೆ ಮೊದಲು ಮುಚ್ಚಳದ ಬಲೆ ಬದಲಾಯಿಸಬೇಕು. ಈಗಿರುವ ಬಲೆಯ ಕಣ್ಣು ದೊಡ್ಡದು, ಸಣ್ಣ ಹೆಣ್ಣು ಹಾರಿದರೆ ಅದರಲ್ಲಿ ತೂರಿಬಿಡುತ್ತದೆ. ಆರು ಮಿಲಿಮೀಟರಿನ ಪಾರದರ್ಶಕ ಬಲೆ ಬೆಂಗಳೂರಿನಲ್ಲಿ ಯಾರಿಗಾದರೂ ಸಿಕ್ಕಿದ್ದರೆ ಹೇಳಿ. ಮಳೆಗಾಲ ಮುಗಿದು ಮುರುಡೇಶ್ವರದಿಂದ ದೋಣಿ ಶುರುವಾದಾಗ ನೇತ್ರಾಣಿ ದ್ವೀಪಕ್ಕೂ ಹೋಗುವುದಿದೆ. ಅಲ್ಲಿನ ಮೂನ್ ರಾಸ್‌ಗಳನ್ನು ನೀರಿನಲ್ಲಿಯೇ ನೋಡಬೇಕು. ನಾನು ಬರುವ ತನಕ ಮೀನಿಗೆ ಊಟ ಹಾಕುವುದಾಗಿ ಅಮ್ಮ ಒಪ್ಪಿದ್ದಾರೆ, ಹಾಲ್ ಪರದೆ ತೆಗೆಯುವ ಷರತ್ತಿನ ಮೇಲೆ.