ತಕ್ಕಡಿಯ ಕಲ್ಲು

ಮಕ್ಕಳೇ ಅಂಗಡಿ ಹಾಕಿ ತರಕಾರಿ ಮಾರುವ ನಮ್ಮ ಶಾಲೆಯ ಮಕ್ಕಳ ಸಂತೆ ಮುಗಿದ ಸಂಜೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಗ್ರೂಪಿಗೆ ಹಾಕಿದ ಫೋಟೊಗಳಲ್ಲಿ ಬ್ಯಾನರ್ ಇದೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರ ಕೈಯಲ್ಲಿ ಸೊಪ್ಪಿನ ಕಟ್ಟು ಇದೆ. ಏಳನೇ ತರಗತಿಯ ಹುಡುಗನ ಬೆಂಡೆಕಾಯಿ ಅಂಗಡಿಯಲ್ಲಿ ನಡೆದದ್ದು ಯಾವ ಫೋಟೊದಲ್ಲೂ ಇಲ್ಲ.

ತಕ್ಕಡಿಯ ತಟ್ಟೆ ಚಿಕ್ಕದಾಯಿತೆಂದು ಅವನು ಅದರ ಮೇಲೊಂದು ಪ್ಲಾಸ್ಟಿಕ್ ಬುಟ್ಟಿ ಇಟ್ಟಿದ್ದ. ಬುಟ್ಟಿಯ ತೂಕ 120 ಗ್ರಾಂ. ಅದಕ್ಕೆ ಸರಿಯಾಗಿ ತೂಕದ ಬಟ್ಟುಗಳ ಕಡೆ ಒಂದು ಕಲ್ಲು. ನನಗೆ ಕಂಡದ್ದು ಕಲ್ಲು ಮಾತ್ರ. "ಏನೋ ಇದು, ಕಲ್ಲಿಟ್ಟು ತೂಗ್ತೀಯಾ?" ಎಂದೆ, ಹತ್ತು ಜನ ಗಿರಾಕಿಗಳ ಎದುರಿಗೆ. "ಸರ್, ಬುಟ್ಟಿ..." ಎಂದ. ಮಾತು ಮುಗಿಸಲು ಬಿಡಲಿಲ್ಲ. ಕಲ್ಲು ತೆಗೆದು ಪಕ್ಕಕ್ಕೆಸೆದೆ. ಬಟ್ಟಿನ ಕಡೆ ಕಲ್ಲಿದ್ದರೆ ಹೆಚ್ಚು ಹೋಗುವುದು ಗಿರಾಕಿಗೇ ಅಲ್ಲವೇ? ಗಣಿತ ಪಾಠ ಮಾಡುವ ನಾನು ಅಷ್ಟನ್ನೂ ಯೋಚಿಸಲಿಲ್ಲ.

ಕಾಲು ಗಂಟೆಯ ನಂತರ ಒಬ್ಬ ಅಜ್ಜಿ ಚೀಲ ಹಿಡಿದು ವಾಪಸ್ ಬಂದರು. "ಏನ್ ಮಗಾ, ಇದು ಕಾಲು ಕೆಜಿನಾ?" ಪಕ್ಕದ ಡಿಜಿಟಲ್ ತಕ್ಕಡಿಯಲ್ಲಿಟ್ಟರೆ 130 ಗ್ರಾಂ. ಹುಡುಗ ನೆಲ ನೋಡುತ್ತ ನಿಂತ. ಪಕ್ಕದ ಅಂಗಡಿಯ ಹುಡುಗಿ ಹೇಳಿದಳು: "ಅಜ್ಜೀ, ಕಲ್ಲು ತೆಗೆದಿದ್ದು ಸರ್, ಅವನಲ್ಲ." ಗಿರಾಕಿಗಳ ಎದುರಲ್ಲೇ ತಪ್ಪು ನನ್ನದೆಂದು ಹೇಳಿದೆ. ಆದರೆ ಅಷ್ಟರಲ್ಲಿ ಒಂಬತ್ತು ಮಾರಾಟ ಆಗಿಹೋಗಿತ್ತು.

ಪ್ರತಿ ಮಾರಾಟವನ್ನೂ ಹೆಸರು ಸಮೇತ ಬರೆದಿಟ್ಟಿದ್ದರಿಂದ ಉಳಿದೆವು. ಸಂತೆ ಮಾಡಿಸುವವರು ಈ ಪುಸ್ತಕವನ್ನು ಬಿಡಲೇಬಾರದು. ನಾಲ್ವರ ಗುಂಪು: ಒಬ್ಬರು ತೂಗಲು, ಒಬ್ಬರು ದುಡ್ಡಿಗೆ, ಒಬ್ಬರು ಬರೆಯಲು, ಒಬ್ಬರು ಗಿರಾಕಿ ಕರೆಯಲು, ಅರ್ಧ ಗಂಟೆಗೊಮ್ಮೆ ಅದಲುಬದಲು. ಗುಂಪಿಗೆ 100 ರೂಪಾಯಿ ಚಿಲ್ಲರೆ ಮೊದಲೇ ಬೇಕು: ಹತ್ತರದು 5, ಐದರದು 6, ಎರಡರದು 5, ಒಂದರದು 10. ಇಲ್ಲದಿದ್ದರೆ ಮೊದಲ 100ರ ನೋಟಿಗೇ ವ್ಯಾಪಾರ ನಿಲ್ಲುತ್ತದೆ. ಸೊಪ್ಪಿನ ಮೇಲೆ ಒದ್ದೆ ಗೋಣಿ ಹೊದಿಸಿ, ನೀರಲ್ಲಿ ಮುಳುಗಿಸಬೇಡಿ. ಶುರು ಒಂಬತ್ತೂವರೆಗೆ, ಹನ್ನೊಂದರ ಬಿಸಿಲಿಗೆ ಸೊಪ್ಪು ಬಾಡಿದಾಗ ದರ ಎಷ್ಟು ಇಳಿಸಬೇಕೆಂದು ಮಕ್ಕಳೇ ತೀರ್ಮಾನಿಸಲಿ. ಶಿಕ್ಷಕರು ಮೊದಲ ಒಂದು ಗಂಟೆ ಕೊಳ್ಳುವುದೇ ಬೇಡ. ನಾವು ಚೌಕಾಸಿ ಮಾಡದೆ ಕೊಟ್ಟುಬಿಡುತ್ತೇವೆ, ಅಲ್ಲಿಗೆ ಮಕ್ಕಳಿಗೆ ಬೆಲೆಯೇ ಗೊತ್ತಾಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ಅಸಲು. ಮನೆಯಿಂದ ಅಮ್ಮ ಕಟ್ಟಿಕೊಟ್ಟ ಸರಕಿಗೆ ಅಸಲು ಇರುವುದಿಲ್ಲ, ಬಂದದ್ದೆಲ್ಲ ಲಾಭವೆಂದೇ ಮಗು ಬರೆಯುತ್ತದೆ. ಈ ಸಲ ಗುಂಪುಗಳೇ ಹಿಂದಿನ ದಿನ ದೊಡ್ಡವರೊಬ್ಬರ ಜೊತೆ ವಾರದ ಸಂತೆಗೆ ಹೋಗಿ ಸಗಟು ದರ ಕೇಳಿ ತಂದವು. ಬೆಂಡೆಕಾಯಿ 5 ಕೆಜಿ, ಕೆಜಿಗೆ 24ರಂತೆ 120 ರೂಪಾಯಿ. ಮಾರಿದ್ದು 40ಕ್ಕೆ. ಕೆಜಿಗೆ 16, ಐದಕ್ಕೆ 80 ಲಾಭ ಎಂದು ಹಲಗೆಯ ಮೇಲೆ ಬರೆದರು. ಡಬ್ಬಿ ಎಣಿಸಿ ಅಸಲು ಕಳೆದರೆ ಉಳಿದದ್ದು 40. ಇನ್ನೊಂದು ನಲವತ್ತು ಎಲ್ಲಿ? ಆಟೋ ಬಾಡಿಗೆಯ ಪಾಲು 20. ಬಲಿತು ನಾರಾಗಿ ಯಾರೂ ಕೊಳ್ಳದ ಅರ್ಧ ಕೆಜಿ 20. ಪಠ್ಯಪುಸ್ತಕದ ಲಾಭ-ನಷ್ಟದ ಲೆಕ್ಕಗಳಲ್ಲಿ ಬೆಂಡೆಕಾಯಿ ಬಲಿಯುವುದಿಲ್ಲ.

ಶಾಲೆಯ ಹೊರಗಿನ ಬದುಕಿಗೆ ಕಲಿಕೆಯನ್ನು ಜೋಡಿಸಿ ಎಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು (ಎನ್‌ಸಿಎಫ್) 2005ರಲ್ಲೇ ಹೇಳಿತು. ಮೇಲಿನಿಂದ ನಮ್ಮನ್ನು ಕೇಳುವುದು ಮಾತ್ರ ಫೋಟೊ ಮತ್ತು ಹಾಜರಾತಿ. ಮಕ್ಕಳ ಲೆಕ್ಕದ ಪುಸ್ತಕವನ್ನು ಯಾರೂ ಕೇಳಿಲ್ಲ.

ಮುಂದಿನ ಸಂತೆಗೆ ಎರಡು ನಿಯಮ ಹಾಕಿಕೊಂಡಿದ್ದೇವೆ. ಶುರುವಿಗೆ ಮುಂಚೆ ಪ್ರತಿ ಗುಂಪೂ ಸರಕಿಲ್ಲದ ತಕ್ಕಡಿ ಸಮನಾಗಿ ನಿಲ್ಲುವುದನ್ನು ಎಲ್ಲರಿಗೂ ತೋರಿಸಿ, ಅದರ ಮೇಲೆ ಏನೇನಿದೆ ಎಂದು ಹೇಳಬೇಕು. ಶಿಕ್ಷಕರು ಅಂಗಡಿ ಮುಂದೆ ಕಟ್ಟಿದ ಹಗ್ಗದ ಆಚೆ. ಅನುಮಾನ ಬಂದರೆ ಕೇಳಬಹುದು, ತಕ್ಕಡಿ ಮುಟ್ಟುವಂತಿಲ್ಲ.

ಆ ದಿನ ಹುಡುಗ ಒಂಬತ್ತು ಜನರಲ್ಲಿ ಏಳು ಜನಕ್ಕೆ ಅಲ್ಲೇ ತಲಾ 120 ಗ್ರಾಂ ತೂಗಿ ಕೊಟ್ಟ. ಮನೆಗೆ ಹೋಗಿಬಿಟ್ಟಿದ್ದ ಇಬ್ಬರಿಗೆ ಮರುದಿನ ಪ್ರಾರ್ಥನೆಗೆ ಮುಂಚೆ ಎರಡು ಪೊಟ್ಟಣ ಒಯ್ದ. ಲೆಕ್ಕ ಬರೆಯುವಾಗ ಗೆಳೆಯರು ಆ 1 ಕೆಜಿ 80 ಗ್ರಾಂ ಅನ್ನು ನಷ್ಟಕ್ಕೆ ಸೇರಿಸಹೊರಟರು. ಅವನು ಪೆನ್ಸಿಲ್ ಕಿತ್ತುಕೊಂಡ. "ಅವರು ದುಡ್ಡು ಕೊಟ್ಟಾಗಿದೆ ಕಣ್ರೋ. ಅವರದ್ದು ಅವರಿಗೆ ಕೊಟ್ರೆ ನಮಗೆ ಹೆಂಗೆ ನಷ್ಟ?"