ಚೆಕ್ಕಿನ ಮೇಲೆ ಬರೆದ ಕಾರಣ

ಡೊನಾಲ್ಡ್ ಟ್ರಂಪ್ ಅವರ ವಿರುದ್ಧ 2024ರಲ್ಲಿ ಮ್ಯಾನ್‌ಹಟನ್ನಿನ ನ್ಯಾಯಾಲಯದಲ್ಲಿ ನಡೆದ ವಿಚಾರಣೆಯ ವರದಿಗಳನ್ನು ಬಿಡದೆ ಓದಿದವರಲ್ಲಿ ನಾನೂ ಒಬ್ಬ. ಅಲ್ಲಿ ಜ್ಯೂರಿಯ ಮುಂದಿಟ್ಟ ದಾಖಲೆಗಳ ಪೈಕಿ ನನಗೆ ಇಂದಿಗೂ ಮರೆಯಲಾಗದ್ದು ಒಂದು ಬ್ಯಾಂಕ್ ಸ್ಟೇಟ್‌ಮೆಂಟ್. ಟ್ರಂಪ್ ಅವರ ವಕೀಲರಾಗಿದ್ದ ಮೈಕಲ್ ಕೋಹೆನ್, ಈ ಕೆಲಸಕ್ಕೆಂದೇ ಹುಟ್ಟುಹಾಕಿದ 'ಎಸೆನ್ಷಿಯಲ್ ಕನ್ಸಲ್ಟೆಂಟ್ಸ್' ಎಂಬ ಹೆಸರಿಗಷ್ಟೇ ಇದ್ದ ಕಂಪನಿಯ ಖಾತೆಯಿಂದ 2016ರ ಅಕ್ಟೋಬರ್ 27ರಂದು, ಅಂದರೆ ಮತದಾನಕ್ಕೆ ಹನ್ನೆರಡು ದಿನ ಮೊದಲು, ಟ್ರಂಪ್ ಅವರೊಡನೆ ತಮಗೆ ಸಂಬಂಧವಿತ್ತೆಂದು ಹೇಳುತ್ತಿದ್ದ ನಟಿ ಸ್ಟಾರ್ಮಿ ಡೇನಿಯಲ್ಸ್ ಅವರ ಬಾಯಿ ಮುಚ್ಚಿಸಲು ಆಕೆಯ ವಕೀಲರಿಗೆ 1,30,000 ಡಾಲರ್ ರವಾನಿಸಿದ್ದನ್ನು ಅದು ತೋರಿಸುತ್ತದೆ. ಅದೇ ಹಾಳೆಯ ಖಾಲಿ ಜಾಗದಲ್ಲಿ ಟ್ರಂಪ್ ಸಂಸ್ಥೆಯ ಹಣಕಾಸು ಮುಖ್ಯಸ್ಥ ಆ್ಯಲನ್ ವೈಸೆಲ್‌ಬರ್ಗ್ ಕೈಬರಹದಲ್ಲಿ ಲೆಕ್ಕ ಹಾಕಿದ್ದಾರೆ: ಆ ಮೊತ್ತಕ್ಕೆ ಬೇರೊಂದು ತಂತ್ರಜ್ಞಾನ ಸೇವೆಯ ಬಾಬ್ತು 50,000 ಸೇರಿ 1,80,000, ಅದನ್ನು ದುಪ್ಪಟ್ಟು ಮಾಡಿ 3,60,000, ಮೇಲೆ ಬೋನಸ್ 60,000, ಒಟ್ಟು 4,20,000. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 35,000.

(ಆ ತಂತ್ರಜ್ಞಾನ ಸೇವೆಗೆ ತಾನು ಅಷ್ಟು ಹಣ ಕೊಟ್ಟೇ ಇರಲಿಲ್ಲ, ಉಳಿದದ್ದನ್ನು ಜೇಬಿಗಿಳಿಸಿದ್ದೆ ಎಂದು ಕೋಹೆನ್ ಪಾಟೀಸವಾಲಿನಲ್ಲಿ ಒಪ್ಪಿಕೊಂಡರು. ಪ್ರಾಸಿಕ್ಯೂಷನ್ನಿನ ಮುಖ್ಯ ಸಾಕ್ಷಿ ಎಂಥವರು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪರಿಚಯ ಬೇಕಿಲ್ಲ.)

ಆ ಲೆಕ್ಕದಲ್ಲಿ ಗಮನಿಸಬೇಕಾದದ್ದು ದುಪ್ಪಟ್ಟು ಮಾಡಿದ ಸಾಲು. ಯಾರೋ ನಮ್ಮ ಪರವಾಗಿ ಕೊಟ್ಟ ಹಣವನ್ನು ಹಿಂದಿರುಗಿಸಿದರೆ ಪಡೆದವರು ಅದಕ್ಕೆ ಆದಾಯ ತೆರಿಗೆ ಕಟ್ಟಬೇಕಿಲ್ಲ. ಅದನ್ನೇ ವಕೀಲರ ಶುಲ್ಕ ಎಂದು ತೋರಿಸಿದರೆ ಅದು ಆದಾಯವಾಗುತ್ತದೆ, ಸುಮಾರು ಅರ್ಧದಷ್ಟು ತೆರಿಗೆಗೆ ಹೋಗುತ್ತದೆ. ಸಾಲ ತೀರಿಸುವುದಕ್ಕೆ ಶುಲ್ಕದ ವೇಷ ಹಾಕುವ ಉದ್ದೇಶವಿಲ್ಲದಿದ್ದರೆ ಮೊತ್ತವನ್ನು ದ್ವಿಗುಣಗೊಳಿಸುವ ಪ್ರಮೇಯವೇ ಬರುತ್ತಿರಲಿಲ್ಲ ಎಂದು ಪ್ರಾಸಿಕ್ಯೂಷನ್ ವಾದಿಸಿತು, ಮತ್ತು ಆ ವಾದಕ್ಕೆ ಸಮರ್ಪಕವಾದ ಉತ್ತರ ನನಗಂತೂ ಎಲ್ಲಿಯೂ ಸಿಗಲಿಲ್ಲ.

ಇಷ್ಟಾದರೂ ಬಾಯಿ ಮುಚ್ಚಿಸಲು ಹಣ ಕೊಡುವುದು ಅಮೆರಿಕದಲ್ಲಿ ತನ್ನಷ್ಟಕ್ಕೆ ಅಪರಾಧವಲ್ಲ. ಗೌಪ್ಯತಾ ಒಪ್ಪಂದಗಳು ಅಲ್ಲಿ ದಿನನಿತ್ಯದ ವ್ಯವಹಾರ. ಡೇನಿಯಲ್ಸ್ ಅವರೊಡನೆ ತಮಗೆ ಸಂಬಂಧವೇ ಇರಲಿಲ್ಲ ಎಂದು ಟ್ರಂಪ್ ಮೊದಲಿನಿಂದಲೂ ಹೇಳುತ್ತ ಬಂದಿದ್ದಾರೆ, ಆದರೆ ಕಾನೂನಿಗೆ ಆ ಸಂಬಂಧದ ಸತ್ಯಾಸತ್ಯತೆ ಅಷ್ಟಾಗಿ ಬೇಕಿಲ್ಲ. ಅದು ಕೇಳುವುದು ಎರಡೇ ಪ್ರಶ್ನೆ: ಹಣ ಯಾರದು, ಕೊಟ್ಟದ್ದು ಏತಕ್ಕೆ? ಫೆಡರಲ್ ಚುನಾವಣಾ ಪ್ರಚಾರ ಕಾಯ್ದೆಯ ಪ್ರಕಾರ ಚುನಾವಣೆಯ ಮೇಲೆ ಪ್ರಭಾವ ಬೀರುವ ಉದ್ದೇಶದಿಂದ ಕೊಟ್ಟ ಹಣ, ಸಾಲ, ಬೆಲೆಬಾಳುವ ಯಾವುದೇ ವಸ್ತು ದೇಣಿಗೆಯೇ. 2016ರಲ್ಲಿ ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ ಕೊಡಬಹುದಾಗಿದ್ದ ಗರಿಷ್ಠ ದೇಣಿಗೆ 2,700 ಡಾಲರ್. ಕಂಪನಿಗಳು ಅಭ್ಯರ್ಥಿಗಳಿಗೆ ನೇರವಾಗಿ ಕೊಡುವುದಕ್ಕೆ 1907ರಿಂದಲೇ ನಿಷೇಧವಿದೆ. ಅಭ್ಯರ್ಥಿ ಸ್ವಂತ ಹಣ ಸುರಿಯುವುದಕ್ಕೆ ಮಾತ್ರ, 1976ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ಮಿತಿಯೇ ಇಲ್ಲ. ಲೆಕ್ಕ ಬಹಿರಂಗಪಡಿಸಿದರೆ ಸಾಕು.

ಈ ಕೊನೆಯ ಅಂಶ ನನಗೆ ಬಹಳ ವಿಚಿತ್ರವಾಗಿ ಕಾಣುತ್ತದೆ. ಟ್ರಂಪ್ ಅವರೇ ತಮ್ಮ ಹಣವನ್ನು ಪ್ರಚಾರ ಸಮಿತಿಗೆ ಹಾಕಿ, ಅಲ್ಲಿಂದ ಹಣ ಕೊಡಿಸಿ, ವರದಿ ಸಲ್ಲಿಸಿದ್ದರೆ ದೇಣಿಗೆಯ ಮಿತಿಯ ಪ್ರಶ್ನೆ ಏಳುತ್ತಿರಲಿಲ್ಲ. ಆದರೆ ಮೌನವನ್ನು ಕೊಂಡದ್ದಕ್ಕೆ ಸಾರ್ವಜನಿಕ ರಸೀದಿ ಕೊಟ್ಟರೆ ಕೊಂಡ ಮೌನಕ್ಕೆ ಬೆಲೆ ಎಲ್ಲಿ ಉಳಿಯಿತು? ಅಕ್ಟೋಬರ್ ಕೊನೆಯ ವೆಚ್ಚದ ವರದಿ ಸಲ್ಲಿಕೆಯಾಗಬೇಕಾಗಿದ್ದದ್ದು ಡಿಸೆಂಬರಿನಲ್ಲಿ, ಮತದಾನ ಮುಗಿದ ಮೇಲೆ. ಆದುದರಿಂದ ಮತದಾರರಿಂದ ಏನನ್ನೂ ಮುಚ್ಚಿಟ್ಟಂತಾಗಲಿಲ್ಲ ಎಂಬ ವಾದವೂ ಇದೆ. ಆದರೆ ಹಣ ಹಾಕಿದ್ದು ಕೋಹೆನ್, ಅದೂ ತಮ್ಮ ಮನೆಯ ಆಧಾರದ ಮೇಲೆ ಪಡೆದ ಸಾಲದಿಂದ. ಆದುದರಿಂದಲೇ 2018ರ ಆಗಸ್ಟ್‌ನಲ್ಲಿ ಅವರು ಒಪ್ಪಿಕೊಂಡ ಎಂಟು ಅಪರಾಧಗಳಲ್ಲಿ ಎರಡು ಈ ಕಾಯ್ದೆಗೆ ಸೇರಿದ್ದವು: ಒಂದು ಈ ಮಿತಿಮೀರಿದ ದೇಣಿಗೆ, ಇನ್ನೊಂದು ಕಂಪನಿಯಿಂದ ದೇಣಿಗೆ ಕೊಡಿಸಿದ್ದು. ಆ ಕಂಪನಿ 'ನ್ಯಾಷನಲ್ ಎನ್‌ಕ್ವೈರರ್' ಪತ್ರಿಕೆಯ ಒಡೆತನ ಹೊಂದಿತ್ತು. ಮಾಡೆಲ್ ಕ್ಯಾರನ್ ಮೆಕ್‌ಡೂಗಲ್ ಅವರ ಕಥೆಯನ್ನು ಅಚ್ಚು ಹಾಕುವುದಕ್ಕಲ್ಲದೆ ಹೂತುಹಾಕುವುದಕ್ಕಾಗಿ ಅದು 1,50,000 ಡಾಲರ್ ತೆತ್ತಿತು. ಒಪ್ಪಂದದ ಕಾಗದದ ಮೇಲೆ ಅಂಕಣ ಬರಹ, ಮುಖಪುಟದ ಚಿತ್ರ ಎಂದೆಲ್ಲ ಇತ್ತು. 2021ರಲ್ಲಿ ಚುನಾವಣಾ ಆಯೋಗ ಅದಕ್ಕೆ 1,87,500 ಡಾಲರ್ ದಂಡ ಹಾಕಿತು. ಟ್ರಂಪ್ ವಿಷಯದಲ್ಲಿ ಮಾತ್ರ ಅದೇ ವರ್ಷ, ಆಯೋಗದ ಕಾನೂನು ವಿಭಾಗ ಮುಂದುವರಿಯಬಹುದೆಂದು ಶಿಫಾರಸು ಮಾಡಿದ್ದರೂ, ಮತಗಳು ಎರಡಕ್ಕೆ ಎರಡಾಗಿ ದೂರು ಬಿದ್ದುಹೋಯಿತು. ಆರು ಸದಸ್ಯರ ಆ ಆಯೋಗದಲ್ಲಿ ಒಂದೇ ಪಕ್ಷದವರು ಮೂವರಿಗಿಂತ ಹೆಚ್ಚಿರಬಾರದು, ಆದರೆ ಯಾವ ಕ್ರಮಕ್ಕೂ ನಾಲ್ಕು ಮತ ಬೇಕು. ಏನೂ ಆಗದಿರುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ಕಲ್ಪಿಸಿಕೊಳ್ಳುವುದು ಕಷ್ಟ.

'ಏತಕ್ಕೆ' ಎಂಬ ಪ್ರಶ್ನೆ ಎಷ್ಟು ಜಾರುವ ನೆಲ ಎಂಬುದನ್ನು ತಿಳಿಯಲು ಟ್ರಂಪ್ ಅವರಿಗಿಂತ ಹಿಂದಿನ ಜಾನ್ ಎಡ್ವರ್ಡ್ಸ್ ಪ್ರಕರಣವನ್ನು ನೋಡಬೇಕು. 2008ರ ಅಧ್ಯಕ್ಷೀಯ ಉಮೇದುವಾರಿಕೆಗೆ ಸ್ಪರ್ಧಿಸಿದ್ದ ಈ ಡೆಮಾಕ್ರಟಿಕ್ ನಾಯಕರ ಪ್ರೇಯಸಿಯನ್ನು ಜನರ ಕಣ್ಣಿನಿಂದ ಮರೆಮಾಡಿ ಸಾಕಲು ಇಬ್ಬರು ಶ್ರೀಮಂತ ಬೆಂಬಲಿಗರು ಹತ್ತು ಲಕ್ಷ ಡಾಲರಿಗೆ ಸಮೀಪದ ಹಣ ಸುರಿದರು. ಅವರಲ್ಲಿ ಒಬ್ಬರು, ತೊಂಬತ್ತು ದಾಟಿದ್ದ ರೇಚಲ್ ಮೆಲನ್, ತಮ್ಮ ಚೆಕ್ಕುಗಳನ್ನು ಪರಿಚಯದ ಗೃಹಾಲಂಕಾರಕರೊಬ್ಬರ ಮೂಲಕ ಕಳುಹಿಸುತ್ತಿದ್ದರು. ಚೆಕ್ಕಿನ ಮೇಲೆ ಕಾರಣ ಬರೆಯುವ ಸಾಲಿನಲ್ಲಿ ಒಂದರಲ್ಲಿ 'ಕುರ್ಚಿಗಳು', ಇನ್ನೊಂದರಲ್ಲಿ 'ಪುಸ್ತಕದ ಕಪಾಟು', ಮತ್ತೊಂದರಲ್ಲಿ ಚಾರ್ಲ್ಸ್‌ಟನ್ನಿನ ಪುರಾತನ ಮೇಜು ಎಂದಿತ್ತೆಂದು ದೋಷಾರೋಪ ಪಟ್ಟಿ ಹೇಳುತ್ತದೆ. ಇಲ್ಲದ ಆ ಮೇಜಿಗೆ ಊರಿನ ಹೆಸರನ್ನೂ ಸೇರಿಸಿದ ಶ್ರದ್ಧೆ ಮೆಚ್ಚತಕ್ಕದ್ದೇ.

ಎಡ್ವರ್ಡ್ಸ್ ಅವರ ವಕೀಲರು ಹಣ ಬಂದದ್ದನ್ನೇನೂ ಅಲ್ಲಗಳೆಯಲಿಲ್ಲ. ಕ್ಯಾನ್ಸರಿನಿಂದ ನರಳುತ್ತಿದ್ದ ಪತ್ನಿಗೆ ವಿಷಯ ಗೊತ್ತಾಗದಿರಲೆಂದು ಬಚ್ಚಿಟ್ಟರೇ ಹೊರತು ಮತದಾರರಿಗೆ ಹೆದರಿಯಲ್ಲ ಎಂದರು. ಅಭ್ಯರ್ಥಿ ಕಣದಲ್ಲೇ ಇಲ್ಲದಿದ್ದರೂ ಈ ಖರ್ಚು ಬರುತ್ತಿತ್ತೇ ಎಂದು ಆಯೋಗದ ನಿಯಮ ಕೇಳುತ್ತದೆ: ಬರುತ್ತಿತ್ತು ಎಂದಾದರೆ ಅದು ವೈಯಕ್ತಿಕ, ಪ್ರಚಾರದ ನಿಧಿಯಿಂದ ಅದನ್ನು ಭರಿಸುವುದೇ ತಪ್ಪು, ಬರುತ್ತಿರಲಿಲ್ಲ ಎಂದಾದರೆ ಹೊರಗಿನವರು ಕೊಟ್ಟದ್ದು ದೇಣಿಗೆ. ಗಂಡನಾಗಿ ಹೆದರಿದ್ದು ಎಷ್ಟು, ಅಭ್ಯರ್ಥಿಯಾಗಿ ಹೆದರಿದ್ದು ಎಷ್ಟು ಎಂದು ತಕ್ಕಡಿಯಲ್ಲಿ ತೂಗುವವರು ಯಾರು? ನಾರ್ತ್ ಕ್ಯಾರೊಲೈನಾದ ಜ್ಯೂರಿ 2012ರ ಮೇ ತಿಂಗಳಲ್ಲಿ ಆರು ಆರೋಪಗಳಲ್ಲಿ ಒಂದರಿಂದ ಅವರನ್ನು ಖುಲಾಸೆಗೊಳಿಸಿತು, ಉಳಿದ ಐದರಲ್ಲಿ ಒಮ್ಮತಕ್ಕೆ ಬರಲಾಗದೆ ಕೈಚೆಲ್ಲಿತು. ಸರ್ಕಾರ ಮರುವಿಚಾರಣೆಯ ಗೋಜಿಗೆ ಹೋಗಲಿಲ್ಲ.

ಮ್ಯಾನ್‌ಹಟನ್ನಿನ ಜಿಲ್ಲಾ ಅಟಾರ್ನಿ ಆಲ್ವಿನ್ ಬ್ರ್ಯಾಗ್ ಈ ಜಾರುನೆಲವನ್ನು ಬಲ್ಲವರಂತೆ ದೇಣಿಗೆಯ ಆರೋಪವನ್ನೇ ಹೊರಿಸದೆ ಲೆಕ್ಕಪತ್ರವನ್ನು ಹಿಡಿದರು. ಕೋಹೆನ್ ಕಳುಹಿಸಿದ 11 ಇನ್‌ವಾಯ್ಸ್, 12 ಲೆಡ್ಜರ್ ನಮೂದು, 11 ಚೆಕ್ಕು: ಒಟ್ಟು 34 ಆರೋಪ. ಸುಳ್ಳು ಲೆಕ್ಕ ಬರೆಯುವುದು ನ್ಯೂಯಾರ್ಕಿನಲ್ಲಿ ಸಣ್ಣ ಅಪರಾಧ. ಬೇರೊಂದು ಅಪರಾಧ ಎಸಗಲು ಅಥವಾ ಮುಚ್ಚಲು ಬರೆದದ್ದಾದರೆ ಅದು ಫೆಲನಿ, ಅಂದರೆ ಗಂಭೀರ ಅಪರಾಧ. ಬೇರೊಂದು ಅಪರಾಧವೆಂದರೆ ಅಕ್ರಮ ಮಾರ್ಗದಿಂದ ಒಬ್ಬರನ್ನು ಗೆಲ್ಲಿಸಲು ನಡೆಸಿದ ಸಂಚು. ಆ ಅಕ್ರಮ ಮಾರ್ಗ ಫೆಡರಲ್ ದೇಣಿಗೆ ಕಾಯ್ದೆಯ ಉಲ್ಲಂಘನೆಯೋ, ತೆರಿಗೆ ಕಾನೂನಿನದೋ, ಇನ್ನೊಂದು ಸುಳ್ಳು ದಾಖಲೆಯೋ ಎಂಬುದರಲ್ಲಿ ಜ್ಯೂರಿಗಳು ಒಮ್ಮತಕ್ಕೆ ಬರಬೇಕಿಲ್ಲ ಎಂದು ನ್ಯಾಯಾಧೀಶ ಹುವಾನ್ ಮರ್ಚನ್ ತಿಳಿಸಿದರು. ಮೆಟ್ಟಿಲ ಮೇಲೆ ಮೆಟ್ಟಿಲಿಟ್ಟು ಕಟ್ಟಿದ ಈ ವಾದವನ್ನು ಆಕ್ಷೇಪಿಸುವವರ ಮಾತಿನಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಎಡ್ವರ್ಡ್ಸ್ ಜ್ಯೂರಿ ಬಿಡಿಸಲಾಗದ ಗಂಟು ಇಲ್ಲಿ ಬಿಡಿಸಿಕೊಳ್ಳದೆಯೇ ಒಳಗೆ ಉಳಿದುಬಿಟ್ಟಿತು. ಆದರೆ ಕೆಳಗಿನ ಮೆಟ್ಟಿಲು ಮಾತ್ರ ಗಟ್ಟಿ. ನ್ಯೂಯಾರ್ಕಿನಿಂದ ವಾಷಿಂಗ್ಟನ್ನಿಗೆ ಹೋಗಿ ಅಧ್ಯಕ್ಷರ ಸಹಿಯೊಂದಿಗೆ ಮರಳಿದ ಒಂಬತ್ತು ಚೆಕ್ಕುಗಳು ವಕೀಲಿಕೆಯ ಶುಲ್ಕ ಎಂಬ ಹೆಸರು ಹೊತ್ತಿದ್ದವು. 2024ರ ಮೇ 30ರಂದು 34 ಆರೋಪಗಳೂ ಸಾಬೀತಾದವು. 2025ರ ಜನವರಿ 10ರಂದು, ಎರಡನೆಯ ಬಾರಿ ಅಧಿಕಾರ ಸ್ವೀಕರಿಸುವುದಕ್ಕೆ ಹತ್ತು ದಿನ ಮೊದಲು, ಅವರನ್ನು ಜೈಲು, ದಂಡ ಯಾವುದೂ ಇಲ್ಲದೆ ಬಿಡಲಾಯಿತು.

ಟ್ರಂಪ್ ಮೇಲ್ಮನವಿ ಸಲ್ಲಿಸಿದ್ದಾರೆ. ಅಧ್ಯಕ್ಷರ ಅಧಿಕೃತ ಕೃತ್ಯಗಳಿಗೆ ರಕ್ಷಣೆ ಇದೆಯೆಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತ ಕೂಡಲೇ, ಜ್ಯೂರಿಗೆ ತೋರಿಸಲೇಬಾರದಾಗಿತ್ತೆಂದು ಅವರ ವಕೀಲರು ಹೇಳಿದ ಸಾಕ್ಷ್ಯಗಳಲ್ಲಿ ಅವರು 2018ರಲ್ಲಿ ಸರ್ಕಾರಿ ನೈತಿಕತಾ ಕಚೇರಿಗೆ ಸಲ್ಲಿಸಿದ ಆಸ್ತಿ ವಿವರದ ಅರ್ಜಿಯೂ ಒಂದು. ಅದರ ಅಡಿಟಿಪ್ಪಣಿಯಲ್ಲಿ, 2016ರಲ್ಲಿ ಕೋಹೆನ್ ಮಾಡಿದ ವೆಚ್ಚವನ್ನು 2017ರಲ್ಲಿ ಪೂರ್ತಿಯಾಗಿ ಮರುಪಾವತಿ ಮಾಡಲಾಗಿದೆ, ಮೊತ್ತ 1,00,001ರಿಂದ 2,50,000 ಡಾಲರಿನೊಳಗೆ, ಬಡ್ಡಿ ಸೊನ್ನೆ ಎಂದಿದೆ. ಲೆಡ್ಜರಿನಲ್ಲಿ ಇಡೀ ವರ್ಷ ಶುಲ್ಕವೆನಿಸಿಕೊಂಡಿದ್ದ ಹಣ ಅಲ್ಲಿ ಮರುಪಾವತಿಯಾಗಿತ್ತು, ಕೆಳಗೆ ಅವರದೇ ಸಹಿಯಿತ್ತು.