ನನ್ನ ಹೆಸರಿನೊಳಗಿನ ಲೋಪೋ

ನನ್ನ ಅಡ್ಡಹೆಸರು ಲೋಪಿಸ್. ಹುಬ್ಬಳ್ಳಿಯಲ್ಲಿ ಇದನ್ನು ಹೇಳಿದರೆ ಎರಡು ಮಾತು ಖಾಯಂ. ವಯಸ್ಸಾದವರು ‘ಗೋವಾದವರೇನ್ರಿ?’ ಅಂತ ಕೇಳ್ತಾರೆ. ಹುಡುಗರು ‘ಜೆನಿಫರ್ ಲೋಪೆಜ್ ನಿಮ್ಮ ಪೈಕಿ ಏನ್ರಿ ಅಂಕಲ್?’ ಅಂತ ನಗ್ತಾರೆ. ಶಾಲೆಯಲ್ಲಿ ಲೋಪಸಂಧಿ ಪಾಠ ಬಂದಾಗಲಂತೂ ಇಡೀ ಕ್ಲಾಸು ನನ್ನ ಕಡೆ ತಿರುಗಿತ್ತು.

ಹುಡುಗರ ತಮಾಷೆಯಲ್ಲಿ ಸ್ವಲ್ಪ ನಿಜ ಇದೆ. ಲೋಪೆಜ್ ಸ್ಪೇನಿನ ರೂಪ, ಲೋಪಿಸ್ ಪೋರ್ಚುಗಲ್ಲಿನದು. ಎರಡೂ ಹೇಳೋದು ‘ಲೋಪೋನ ಮಗ’ ಅಂತಲೇ. ಲೋಪೋ ಹಳೆಯ ಕಾಲದ ಗಂಡಸರ ಹೆಸರು. ಲ್ಯಾಟಿನ್ನಿನಲ್ಲಿ ತೋಳಕ್ಕೆ ಲೂಪುಸ್ ಅಂತಾರೆ, ಅದರಿಂದ ಬಂದದ್ದು. ಮಂಗಳೂರಿನ ಲೋಬೋಗಳ ಹೆಸರೂ ತೋಳವೇ. ಅವರು ನೇರ ತೋಳ, ನಾವು ತೋಳಪ್ಪನ ಮಕ್ಕಳು!

ಫರ್ನಾಂಡಿಸ್, ರೋಡ್ರಿಗಸ್, ನೂನಿಸ್ ಎಲ್ಲ ಇದೇ ಲೆಕ್ಕ. ಫೆರ್ನಾಂದೋ, ರೋದ್ರಿಗೋ, ನೂನೋ ಅನ್ನೋ ಅಪ್ಪಂದಿರ ಮಕ್ಕಳು. ಮೊದಲು ಇದು ತಲೆಮಾರಿಗೊಮ್ಮೆ ಬದಲಾಗುತ್ತಿತ್ತು. ಲೋಪೋನ ಮಗ ನೂನೋ ಲೋಪಿಸ್ ಆದರೆ, ಅವನ ಮಗ ನೂನಿಸ್. ಬರಬರುತ್ತ ಅದು ಮನೆತನದ ಹೆಸರಾಗಿ ನಿಂತುಬಿಟ್ಟಿತು. 1510ರಲ್ಲಿ ಅಲ್ಬುಕರ್ಕ್ ಗೋವಾ ಹಿಡಿದ ಮೇಲೆ ಅಲ್ಲಿ ಕ್ರೈಸ್ತರಾದ ಮನೆಗಳಿಗೆ ಪಾದ್ರಿಯದೋ, ದೀಕ್ಷಾಸ್ನಾನದಲ್ಲಿ ಪಕ್ಕ ನಿಂತು ಹೊಣೆ ಹೊತ್ತ ಪೋರ್ಚುಗೀಸನದೋ ಹೆಸರು ಅಂಟಿತು. ಊರು ಬೇರೆ, ಜಾತಿ ಬೇರೆ, ಆದರೂ ಎಲ್ಲರೂ ಲೋಪಿಸ್. ಅದಕ್ಕೇ ಇಬ್ಬರು ಲೋಪಿಸ್ ಕಂಡ ಕೂಡಲೇ ಅಣ್ಣತಮ್ಮಂದಿರು ಅನ್ನಬೇಡಿ.

ನಮ್ಮ ಮುತ್ತಜ್ಜ ರೈಲ್ವೆ ವರ್ಕ್‌ಶಾಪಿನ ಕೆಲಸಕ್ಕೆ ಲೋಂಡಾ ದಾರಿ ಹಿಡಿದು ಹುಬ್ಬಳ್ಳಿಗೆ ಬಂದರು. ಇಲ್ಲಿನ ಅಡ್ಡಹೆಸರು ನೋಡಿ: ಮೆಣಸಿನಕಾಯಿ, ಬೆಲ್ಲದ, ಉಳ್ಳಾಗಡ್ಡಿ. ಆ ಮನೆಯವರು ಒಂದು ಕಾಲಕ್ಕೆ ಏನು ಬೆಳೀತಿದ್ದರು, ಏನು ಮಾರ್ತಿದ್ದರು ಅಂತ ಊಹೆಯಾದರೂ ಮಾಡಬಹುದು. ನಮ್ಮದರಲ್ಲಿರೋದು ಯಾರೋ ಗುರುತಿಲ್ಲದವನ ಅಪ್ಪ.

ಇನ್ನು ನಮ್ಮ ಕಡೆ ಹಳೆಯ ಮುಂಬಯಿ ಪದ್ಧತಿ ಅಲ್ವಾ? ಮೊದಲು ತನ್ನ ಹೆಸರು, ನಡುವೆ ಅಪ್ಪನದು, ಕೊನೆಗೆ ಅಡ್ಡಹೆಸರು. ಹಾಗಾಗಿ ನನ್ನ ಆಧಾರ್ ಕಾರ್ಡಿನಲ್ಲಿ ಇಬ್ಬರು ಅಪ್ಪಂದಿರು. ನಡುವೆ ಮಾರ್ಟಿನ್, ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ನಮ್ಮಪ್ಪ. ಕೊನೆಗೆ ಆ ಲೋಪೋ. ಹಳೆಯ ಪೋರ್ಚುಗೀಸ್ ಲೆಕ್ಕದಲ್ಲಿ ನಾನು ಮಾರ್ಟಿನ್ಸ್ ಆಗಬೇಕಿತ್ತು!

ಮಗಳ ಹೆಸರು ಬರೆಸುವಾಗ ಹೆಂಡತಿ ‘ಲೋಪಿಸ್ ಬಿಟ್ಟು ಸುಮ್ನೆ ಹುಬ್ಬಳ್ಳಿ ಅಂತ ಹಾಕೋಣೇನ್ರಿ?’ ಅಂದಳು. ಆಸೆ ನನಗೂ ಆಯಿತು. ಆದರೆ ಅಪ್ಪನ ಪಿಂಚಣಿ ಪುಸ್ತಕದಿಂದ ಚರ್ಚಿನ ರಿಜಿಸ್ಟರ್ ತನಕ ಎಲ್ಲ ಕಡೆ ಲೋಪೋನೇ ಕೂತಿದ್ದಾನೆ. ಮಗಳದ್ದೊಂದೇ ಬೇರೆಯಾದರೆ ಮುಂದೆ ಎಲ್ಲದಕ್ಕೂ ಅಫಿಡವಿಟ್ ಮಾಡಿಸುತ್ತ ಓಡಾಡೋದು ಯಾರು? ಲೋಪಿಸ್ ಅಂತಲೇ ಬರೆಸಿದೆವು.